ಕೆರೆಗೂ ಉಸಿರು ಹಿಡಿಸುವ ಚಿಕ್ಕಿ

ನಮ್ಮ ಚಿಕ್ಕಿ ಕುಮಟಾ ತಾಲೂಕಿನ ಅರ್ಧ ಜನರ ಎಲುಬು ನೋಡಿದವಳು. ಆದರೆ ಅವರ ಮುಖ ಮಾತ್ರ ಅವಳಿಗೆ ಗುರುತಿಲ್ಲ! ನಿವೃತ್ತಿಯಾಗುವವರೆಗೂ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಅವಳದು. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ನಮಸ್ಕಾರ ಮಾಡಿದರೆ ಕಣ್ಣು ಕಿರಿದು ಮಾಡಿಕೊಂಡು ಅಡಿಯಿಂದ ಮುಡಿಯವರೆಗೆ ನೋಡುತ್ತಾಳೆ. ಆಮೇಲೆ, "ನೀವು ಎಡಗೈ ಮೊಣಕೈ ಅಲ್ವಾ? ಈಗ ಪೂರ್ತಿ ಮಡಚೂಕೆ ಬತ್ತದಾ?" ಎಂದು ಕೇಳುತ್ತಾಳೆ. ಪಾಪ, ಆ ಮನುಷ್ಯ ಕೈಯಲ್ಲಿದ್ದ ತರಕಾರಿ ಚೀಲ ಕೆಳಗಿಟ್ಟು, ನಾಲ್ಕು ಜನರ ಎದುರು ಕೈ ಮಡಚಿ ತೋರಿಸಬೇಕು. ತೋರಿಸದೆ ಬಸ್ಸು ಹತ್ತಲು ಅವಳು ಬಿಡುವವಳಲ್ಲ.

ಇಂಥ ಚಿಕ್ಕಿ ಈಗ ದೊಡ್ಡ ಕ್ಯಾಮೆರಾ ಕುತ್ತಿಗೆಗೆ ಹಾಕಿಕೊಂಡು, ಸೂರ್ಯೋದಯದ ಹೊತ್ತಿಗೆ ಗುಡ್ಡದ ಕೆರೆಗಳ ಫೋಟೊ ತೆಗೆಯುತ್ತ ತಿರುಗುತ್ತಾಳೆ. ತಿರುಗಲಿ, ಬೇಡ ಎಂದವರು ಯಾರು? ಆದರೆ ಅವಳು ತಿರುಗುವುದು ನನ್ನ ಕಾರಿನಲ್ಲಿ. ಓಡಿಸುವವನು ನಾನು, ಮೂರು ಕಾಲಿನ ಸ್ಟ್ಯಾಂಡು ಹೊರುವವನು ನಾನು, ಜಿಗಣೆ ಕಚ್ಚುವುದೂ ನನಗೇ. ವಾರವಿಡೀ ದುಡಿದ ಮನುಷ್ಯನಿಗೆ ಭಾನುವಾರ ಅಂತ ಒಂದು ದಿನ ಇಟ್ಟಿರುವುದು ಯಾತಕ್ಕೆ? ಕತ್ತಲಲ್ಲಿ ಎದ್ದು ಕೆಸರು ತುಳಿಯಲಿಕ್ಕಾ?

ಇದಕ್ಕೆಲ್ಲ ಮೂಲ ಕಾರಣ ನನ್ನ ಮದುವೆಯಂತೆ. ಹಾಗಂತ ಮನೆಯಲ್ಲಿ ಎಲ್ಲರೂ ನನ್ನನ್ನು ದುರುಗುಟ್ಟಿ ನೋಡುತ್ತಾರೆ, ಮದುವೆಯಾದದ್ದೇ ನಾನು ಮಾಡಿದ ಅಪರಾಧ ಎಂಬಂತೆ. ಆಗಿದ್ದು ಇಷ್ಟೆ. ಮದುವೆಯ ಆಲ್ಬಮ್ ಬಂತು. ಅದರಲ್ಲಿ ಎರಡು ಪುಟದ ಅಗಲಕ್ಕೆ ಇಡೀ ಕುಟುಂಬದ ದೊಡ್ಡ ಫೋಟೊ. ಸಾಲಿನ ಕೊನೆಯಲ್ಲಿ ನಿಂತಿದ್ದ ಚಿಕ್ಕಿ ಪುಟದ ಅಂಚಿಗೆ ಸಿಕ್ಕಿ ಕತ್ತರಿಸಿ ಹೋಗಿದ್ದಳು. ಉಳಿದದ್ದು ಒಂದು ಕಿವಿ, ಒಂದು ಜುಮಕಿ, ಸ್ವಲ್ಪ ಭುಜ. ಬೇರೆ ಯಾರಾದರೂ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರೋ ಏನೋ. ಇವಳು ವೃತ್ತಿಯವಳು. "ಕಾಲು ಮುರ್ಕಂಡು ಕೂಗ್ತಿದ್ದ ಮಕ್ಕಳನ್ನ ಮಲಗ್ಸಿ ಫಿಲ್ಮ್ ಹೊಡದಿದ್ದೆ. ಒಂದು ಕಿರುಬೆರಳು ಹೊರಗೆ ಹೋಗೂಕೆ ಬಿಡ್ಲಿಲ್ಲ. ರೇಷ್ಮೆ ಸೀರೆ ಉಟ್ಟು ಅಲ್ಲಾಡದೆ ನಿಂತವಳನ್ನ ಇವ ಹೊರಗೆ ಹಾಕಿದ್ನಲ್ಲ!" ಎಂದು ಕೂಗಾಡಿದಳು.

ಫೋಟೊದವನನ್ನು ಅವಳು ಎರಡೇ ದಿನದಲ್ಲಿ ಮರೆತಳು. ಮರೆಯದೆ ಹಿಡಿದುಕೊಂಡದ್ದು ನನ್ನ ಆಯಿಯನ್ನು, ಅಂದರೆ ಅಮ್ಮನನ್ನು. ಏಕೆಂದರೆ ಆಲ್ಬಮ್ಮಿಗೆ ಯಾವ ಫೋಟೊ ಹಾಕಬೇಕು ಎಂದು ಆರಿಸಿದವಳು ಆಯಿ, ಚಿಕ್ಕಿಯ ಒಡಹುಟ್ಟಿದ ಅಕ್ಕ. "ಅವ ಹೊರಗಿನವ, ಬಿಡು. ನಾ ಇಲ್ಲದ್ದು ಅಕ್ಕನಿಗೂ ಕಾಣ್ಲಿಲ್ವಾ?" ಎಂಬುದು ಚಿಕ್ಕಿಯ ಪ್ರಶ್ನೆ. ಆಯಿ ಆಗಲೇ "ತಪ್ಪಾತು ತಂಗಿ" ಎಂದಿದ್ದರೆ ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಹಾಗೆ ಹೇಳುವವಳೇ? "ಅಷ್ಟು ದೊಡ್ಡ ಮದುವೆ ಮಾಡಿ ಮುಗ್ಸಿ, ಯಾರ ಕಿವಿ ಎಲ್ಲಿತ್ತು ಅಂತ ಹುಡುಕ್ತಾ ಕೂತ್ಕಳೂಕೆ ನಂಗೆ ಪುರಸೊತ್ತಿತ್ತಾ?" ಎಂದುಬಿಟ್ಟಳು. ಆವತ್ತಿಗೆ ಅಕ್ಕತಂಗಿಯರ ಮಾತು ನಿಂತಿತು. ನನಗೆ ಮಗಳು ಹುಟ್ಟಿ, ಅವಳು ಶಾಲೆಗೆ ಹೋಗುವಂತಾದರೂ ಅದು ಮತ್ತೆ ಶುರುವಾಗಲಿಲ್ಲ.

ಆಯಿ ಇರುವುದು ಭಟ್ಕಳದ ಹತ್ತಿರ ಹೆಬಳೆಯಲ್ಲಿ. ಚಿಕ್ಕಿ ಕುಮಟಾದಲ್ಲಿ. ನಡುವೆ ಹೊನ್ನಾವರದಲ್ಲಿ ನಾನು. ಇದರಷ್ಟು ಕೆಟ್ಟ ಜಾಗ ಭೂಮಿಯ ಮೇಲೆ ಇನ್ನೊಂದಿಲ್ಲ. ಆಯಿ ನಮ್ಮ ಮನೆಗೆ ಹಲಸಿನ ಹಪ್ಪಳ ಕಳಿಸುತ್ತಾಳೆ. ಕಟ್ಟು ನೋಡಿದರೆ ಒಂದು ಛತ್ರಕ್ಕೆ ಸಾಕು. "ಇಷ್ಟೊಂದು ಯಾರಿಗೆ?" ಎಂದು ಕೇಳಿದರೆ, "ಹೆಚ್ಚಾದ್ರೆ ಯಾರಿಗಾದ್ರೂ ಕೊಡು, ಕುಮಟಾ ಕಡೆ ಹೋಪವರಿದ್ರೆ" ಎನ್ನುತ್ತಾಳೆ. ಅದನ್ನು ಕುಮಟಾಕ್ಕೆ ಒಯ್ದು ಕೊಟ್ಟರೆ ಚಿಕ್ಕಿ ಒಂದನ್ನು ಸುಟ್ಟು ತಿಂದು, "ಉಪ್ಪು ಮುಂದಾಯ್ತು. ಮಾಡಿದವರು ಯಾರೋ ಎಂತೋ" ಎನ್ನುತ್ತಾಳೆ. ಮಾಡಿದವರು ಯಾರೆಂದು ಅವಳಿಗೂ ಗೊತ್ತು, ಅವಳ ಬೆಕ್ಕಿಗೂ ಗೊತ್ತು. ಇಬ್ಬರಿಗೂ ಅರವತ್ತು ದಾಟಿದೆ. ನನ್ನ ಮಗಳು ಹೀಗೆ ಮಾಡಿದರೆ ಮೂಲೆಯಲ್ಲಿ ನಿಲ್ಲಿಸುತ್ತಿದ್ದೆ.

ಜಗಳವಾದ ಮೇಲೆಯೇ ಚಿಕ್ಕಿ ಕ್ಯಾಮೆರಾ ಕೊಂಡಿದ್ದು. ಕೊಂಡ ದಿನವೇ ಒಂದು ಶಪಥವನ್ನೂ ಮಾಡಿದಳು: ಮನುಷ್ಯರ ಫೋಟೊ ತೆಗೆಯುವುದಿಲ್ಲ. "ಮನುಷ್ಯರು ಬಂದಲ್ಲೆಲ್ಲ ತಕರಾರು. ಕೆರೆ ಆದ್ರೆ ಸುಮ್ಮನೆ ಬಿದ್ಕಂಡಿರ್ತದೆ" ಎಂದಳು. ತೆಗೆದ ಕೆರೆಗಳನ್ನು ಬೆಳಿಗ್ಗೆ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ಕಳಿಸುತ್ತಾಳೆ. ಹೊಸ ಕೆರೆ ಇಲ್ಲದ ದಿನ ಹಳೆಯದನ್ನೇ ಇನ್ನೊಂದು ಬದಿಯಿಂದ. ಎಲ್ಲರೂ ಹೆಬ್ಬೆರಳು ಎತ್ತಿ ಸುಮ್ಮನಾಗುತ್ತಾರೆ. ಆಯಿ ಮಾತ್ರ ನೋಡುತ್ತಾಳೆ, ಏನೂ ಹೇಳುವುದಿಲ್ಲ. ಯಾರೋ ಕಳಿಸಿದ ಪ್ಲಾಸ್ಟಿಕ್ ಗುಲಾಬಿಗೆ ಕೈ ಮುಗಿಯುತ್ತಾಳೆ, ತಂಗಿಯ ಕೆರೆಗೆ ಒಂದು ಚುಕ್ಕೆಯನ್ನೂ ಹಾಕುವುದಿಲ್ಲ. "ಅಕ್ಕ ನೋಡಿದಾಳೆ. ನೋಡಿಯೂ ಸುಮ್ಮನಿದಾಳೆ" ಎಂದು ಚಿಕ್ಕಿ ನನಗೆ ಫೋನು ಮಾಡಿ ಹೇಳುತ್ತಾಳೆ. ನಾನೇನು ಮಾಡಲಿ? ಗುಂಪಿನಲ್ಲಿ ಅಷ್ಟು ಜನರಿದ್ದರೂ ಈ ಕೆರೆಗಳೆಲ್ಲ ಹೋಗುತ್ತಿದ್ದದ್ದು ಹೆಬಳೆಯ ಒಂದೇ ಒಂದು ಫೋನಿಗೆ ಎಂಬುದು ನನಗೆ ತಿಳಿಯದ್ದೇನಲ್ಲ.

ಒಮ್ಮೆ ಕುಮಟಾದ ಹಿಂದಿನ ಗುಡ್ಡ ಹತ್ತಿಸಿದಳು. ಮೇಲೆ ಹೋದರೆ ಚೌಕಾಕಾರದ ಕೆರೆ, ನಾಲ್ಕೂ ಬದಿ ಕೆಂಪು ಗೋಡೆ, ನಡುವೆ ಹಸಿರು ನೀರು. ಚಿಕ್ಕಿ ಹೊಟ್ಟೆಯ ಮೇಲೆ ಮಲಗಿ ಫೋಟೊ ತೆಗೆದಳು. ಕೆಳಗೆ 'ಪುರಾತನ ಗಿರಿಸರೋವರ' ಎಂದು ಬರೆದು ಗುಂಪಿಗೆ ಕಳಿಸಿದಳು. ಎಲ್ಲರೂ ಆಹಾ ಓಹೋ ಎನ್ನುತ್ತಿದ್ದಾಗ ದೂರದ ಸಂಬಂಧದ ಭಾವನೊಬ್ಬ ಬರೆದ: "ಇದು ನಮ್ಮದೇ ಚಿರೆಕಲ್ಲು ತೆಗೆದ ಹೊಂಡ. ಹೋದ ವರ್ಷ ನಿಮ್ಮ ಕಂಪೌಂಡಿಗೆ ಕಲ್ಲು ಹೋದದ್ದು ಇಲ್ಲಿಂದಲೇ." ಚಿಕ್ಕಿ ಒಂದು ವಾರ ಆ ಭಾವನ ಫೋನು ಎತ್ತಲಿಲ್ಲ.

ಹೊಂಡವಾದರೂ ಸಹಿಸಬಹುದು. ಸಹಿಸಲಾಗದ್ದು ಅವಳ ಕೆಲಸದ ರೀತಿ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಕೂರಿಸಿ, ಕಣ್ಣಿಟ್ಟು, ಗಟ್ಟಿಯಾಗಿ "ಉಸಿರು ಹಿಡೀರಿ" ಎನ್ನುತ್ತಾಳೆ. ಜೀವಮಾನವಿಡೀ ಹೇಳಿದ ಮಾತು, ನಾಲಿಗೆಯನ್ನು ಬಿಟ್ಟು ಹೋಗಲು ಒಪ್ಪುವುದಿಲ್ಲ. ಹೇಳುವುದು ಕೆರೆಗೆ. ಉಸಿರು ಹಿಡಿಯುವುದು ನಾನು. "ಆತು, ಬಿಡಿ" ಎಂದು ಅವಳು ಹೇಳುವವರೆಗೆ ನನ್ನ ಎದೆ ತಾನಾಗಿಯೇ ಕಟ್ಟಿಕೊಳ್ಳುತ್ತದೆ. ಎಷ್ಟೋ ಸಲ ಫೋಟೊ ಚೆನ್ನಾಗಿ ಬಂದ ಖುಷಿಯಲ್ಲಿ ಬಿಡಿ ಎನ್ನುವುದನ್ನೇ ಮರೆತಿದ್ದಾಳೆ. ಒಂದು ದಿನ ಯಾವುದಾದರೂ ಸುಂದರವಾದ ಕೆರೆಯ ದಡದಲ್ಲಿ ನಾನು ಸುಮ್ಮನೆ ಉರುಳಿ ಬೀಳುತ್ತೇನೆ, ಬರೆದಿಟ್ಟುಕೊಳ್ಳಿ.

ಮೊನ್ನೆಯ ಭಾನುವಾರ ಗೇರುಸೊಪ್ಪ ಎಂದಳು. ಅಣೆಕಟ್ಟಿನ ಹಿಂದೆ ಗುಡ್ಡಗಳ ನಡುವೆ ನಿಂತ ನೀರು. "ಅದು ಕೆರೆಯಲ್ಲ ಚಿಕ್ಕಿ, ಶರಾವತಿಯ ಹಿನ್ನೀರು" ಎಂದೆ. "ಗುಡ್ಡದ ನಡುವೆ ನಿಂತದ್ದೆಲ್ಲ ಕೆರೆಯೇ. ನೀ ಗಾಡಿ ತಗಂಡು ಬಾ" ಎಂದಳು. ಗೇರುಸೊಪ್ಪಕ್ಕೆ ದಾರಿ ಹೋಗುವುದು ನಮ್ಮ ಹೊನ್ನಾವರದಿಂದಲೇ. ಶನಿವಾರ ಬಸ್ಸಿನಲ್ಲಿ ಬಂದು ನಮ್ಮಲ್ಲಿ ಉಳಿದುಕೊಂಡಿದ್ದರೆ ಆಗುತ್ತಿರಲಿಲ್ಲವೇ? ಆಗುತ್ತಿರಲಿಲ್ಲ. "ಆ ಆಲ್ಬಮ್ ಇಪ್ಪ ಮನೆಯಾಗೆ ನಾ ಮಲಗೂದಿಲ್ಲ" ಎಂಬುದು ಅವಳ ಇನ್ನೊಂದು ಶಪಥ. ಆದ್ದರಿಂದ ನಾನು ಕೋಳಿ ಕೂಗುವ ಮೊದಲೇ ಎದ್ದು, ಕರ್ಕಿ ದಾಟಿ ಕುಮಟಾಕ್ಕೆ ಹೋಗಿ, ಅವಳನ್ನು ಹತ್ತಿಸಿಕೊಂಡು, ಅದೇ ದಾರಿಯಲ್ಲಿ ತಿರುಗಿ ನನ್ನ ಮನೆಯ ಮುಂದಿನಿಂದಲೇ ಹಾದು ಗೇರುಸೊಪ್ಪಕ್ಕೆ ಹೊರಟೆ. ನನ್ನ ಮನೆಯ ದೀಪ ಆರಿತ್ತು. ಒಳಗೆ ಹೆಂಡತಿ, ಮಗಳು ಸುಖವಾಗಿ ಮಲಗಿದ್ದರು. ಹೊಟ್ಟೆ ಉರಿಯಿತು.

ನೀರಿನ ಅಂಚಿಗೆ ಇಳಿದು, ಸ್ಟ್ಯಾಂಡು ನಿಲ್ಲಿಸಿ ಕಾದೆವು. ಬೆಳಕಾಯಿತು. ಮಂಜು ಎದ್ದಿತು. ಸೂರ್ಯ ಮಾತ್ರ ಇಲ್ಲ. ಚಿಕ್ಕಿ ಕ್ಯಾಲೆಂಡರಿನಲ್ಲಿ ಸೂರ್ಯೋದಯದ ಹೊತ್ತು ನೋಡಿ, ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಬಂದಿದ್ದಳು. ಅಂಗೈ ನೋಡುವುದು, ವಾಚು ನೋಡುವುದು, ಗುಡ್ಡ ನೋಡುವುದು.

"ಹೊತ್ತಾಗಿ ಎಷ್ಟೊತ್ತಾತು. ಎಲ್ಲಿ ಹೋದ ಇವ?"

"ಎದುರಿಗೆ ಘಟ್ಟ ಇದೆ ಚಿಕ್ಕಿ. ಅದನ್ನ ಹತ್ತಿ ಬರಬೇಕಲ್ಲ ಅವ."

"ಮೊದಲೇ ಹೇಳೂಕೆ ಎಂತ ಆಗಿತ್ತು ನಿಂಗೆ?"

ಕೇಳಿದಿರಾ? ಘಟ್ಟ ಅಲ್ಲಿರುವುದೂ ನನ್ನ ತಪ್ಪು. ನಿಜ ಹೇಳಬೇಕೆಂದರೆ ನಾವು ಕರಾವಳಿಯವರೆಲ್ಲ ಇದೇ ತಪ್ಪು ಮಾಡುತ್ತೇವೆ. ಸೂರ್ಯ ಮುಳುಗುವುದನ್ನು ಮಾತ್ರ ನೋಡಿ ಬೆಳೆದವರು ನಾವು. ಸಮುದ್ರಕ್ಕೆ ಅಡ್ಡ ಏನೂ ಇಲ್ಲ, ಹೇಳಿದ ಹೊತ್ತಿಗೆ ಸರಿಯಾಗಿ ಇಳಿಯುತ್ತಾನೆ. ಏಳುವುದೂ ಹಾಗೇ ಎಂದುಕೊಂಡಿದ್ದೇವೆ. ಅವನು ಘಟ್ಟ ದಾಟಿ ನಮ್ಮ ಅಂಗಳಕ್ಕೆ ಬರುವಷ್ಟರಲ್ಲಿ ನಮ್ಮದು ತಿಂಡಿ ಮುಗಿದು, ಯಾರೂ ಅವನ ಕಡೆ ನೋಡುತ್ತಿರುವುದಿಲ್ಲ.

ಕೊನೆಗೂ ಗುಡ್ಡದ ತುದಿ ಬೆಳಗಿತು. ಚಿಕ್ಕಿ ಕಣ್ಣಿಟ್ಟಳು. ಅದೇ ಹೊತ್ತಿಗೆ ಮಂಜಿನೊಳಗಿಂದ ಒಂದು ಸಣ್ಣ ದೋಣಿ ಬಂದು ನೀರಿನ ನಡುವೆ ಕಾಣಿಸಿಕೊಂಡಿತು. ಬಲೆ ಎಳೆಯಲು ಬಂದ ಮನುಷ್ಯ. "ಅಲುಗಬೇಡಿ, ನೀರು ಕದಡ್ತದೆ! ಉಸಿರು ಹಿಡೀರಿ!" ಎಂದು ಚಿಕ್ಕಿ ಅಬ್ಬರಿಸಿದಳು. ಆಶ್ಚರ್ಯವೆಂದರೆ ಅವನು ಹುಟ್ಟು ಎತ್ತಿ ಹಿಡಿದು, ಎದೆ ಉಬ್ಬಿಸಿ ನಿಂತುಬಿಟ್ಟ. ದೋಣಿ ತನ್ನಷ್ಟಕ್ಕೆ ತೇಲುತ್ತ ನಮ್ಮ ಹತ್ತಿರವೇ ಬಂತು. ಅವನ ಮುಖ ಕೆಂಪಾಗಿತ್ತು.

"ಅಮ್ಮಾ, ಬಿಡ್ಲಾ?" ಎಂದು ಹಲ್ಲು ಕಚ್ಚಿಕೊಂಡೇ ಕೇಳಿದ.

"ಬಿಡಿ," ಎಂದಳು ಚಿಕ್ಕಿ.

ಉಸಿರು ಬಿಟ್ಟು ಅವನು ನಕ್ಕ. "ನೀವು ಕುಮಟಾದ ಎಕ್ಸ್‌ರೇ ಅಮ್ಮ ಅಲ್ವಾ? ದನಿ ಕೇಳಿಯೇ ಗೊತ್ತಾತು."

"ಯಾವ ಎಲುಬು?"

"ಬಲಗಡೆ ಪಕ್ಕೆ. ತೆಂಗಿನ ಮರದಿಂದ ಬಿದ್ದಿದ್ದೆ."

"ಈಗ ನೋವಿತ್ತಾ?"

"ಮಳೆಗಾಲದಾಗೆ ಸ್ವಲ್ಪ. ಅಮ್ಮಾ, ಹೇಗೂ ಬಂದಿದ್ರಿ. ನಂದೂ ಒಂದು ಹೊಡೀರಿ, ದೋಣಿ ಸಮೇತ. ಮನೇಲಿ ತೋರಿಸ್ತೆ."

"ಮನುಷ್ಯರದ್ದು ನಾ ತೆಗಿಯೂದಿಲ್ಲ," ಎಂದಳು ಚಿಕ್ಕಿ. ಅವನ ನಗು ಆರಿತು. ದೋಣಿ ತಿರುಗಿಸಿಕೊಂಡು ಹೋದ. ನನಗೆ ಸಿಟ್ಟು ನೆತ್ತಿಗೇರಿತು. ಅವಳು ಹೇಳಿದಳೆಂದು ಉಸಿರು ಕಟ್ಟಿ ನಿಂತವನಿಗೆ ಒಂದು ಫೋಟೊ ಕೊಡಬಾರದೇ? ಕೇಳಿಯೇಬಿಟ್ಟೆ. "ನಿಂಗೆ ತಿಳೂದಿಲ್ಲ, ಸುಮ್ಮನಿರು" ಎಂದು ಕ್ಯಾಮೆರಾಕ್ಕೆ ಮುಖ ಹಚ್ಚಿದಳು.

ಫೋಟೊ ಬಂತು. ಚೆನ್ನಾಗಿಯೇ ಬಂತು, ಅದನ್ನು ಇಲ್ಲ ಎನ್ನಲಾರೆ. ಮಂಜು, ಅದರ ಮೇಲೆ ಎಳೆಬಿಸಿಲು, ನೀರಿನಲ್ಲಿ ತಲೆಕೆಳಗಾದ ಗುಡ್ಡ. ಚಿಕ್ಕಿ ಅದನ್ನು ಫೋನಿಗೆ ಇಳಿಸಿಕೊಂಡಳು. ಅಲ್ಲಿ ರೇಂಜ್ ಇರಲಿಲ್ಲ. ಹೊನ್ನಾವರದ ಕಡೆ ಸ್ವಲ್ಪ ದೂರ ಬಂದ ಮೇಲೆ ಫೋಟೊ ಗುಂಪಿಗೆ ಹೋಯಿತು. ಹೆಬ್ಬೆರಳುಗಳು ಒಂದೊಂದಾಗಿ ಎದ್ದವು. ಚಿಕ್ಕಿ ಫೋನು ಹಿಡಿದು ಕೂತಿದ್ದಳು. "ಅಕ್ಕ ನೋಡ್ತು," ಎಂದಳು. ಆಮೇಲೆ ಎಷ್ಟು ಹೊತ್ತಾದರೂ ಆಯಿಯಿಂದ ಒಂದು ಚುಕ್ಕೆಯೂ ಬರಲಿಲ್ಲ. ನನಗೂ ಸಾಕಾಗಿಹೋಗಿತ್ತು. ಎಂಥ ಕಲ್ಲು ಮನಸ್ಸಿನ ಹೆಂಗಸರು ಇವರಿಬ್ಬರು!

ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಆಯಿ. ಗಾಡಿ ಓಡಿಸುವಾಗ ನನ್ನ ಫೋನು ಕಾರಿನ ಸ್ಪೀಕರಿನಲ್ಲೇ ಮಾತಾಡುತ್ತದೆ.

"ತಮಾ, ಎಲ್ಲಿದ್ದೆ?"

"ಗೇರುಸೊಪ್ಪ ದಾಟಿ ಬರ್ತಾ ಇದ್ದೆ ಆಯಿ."

"ಪಕ್ಕದಾಗೆ ತಂಗಿ ಇತ್ತಾ?"

"ಇಲ್ಲ ಹೇಳು," ಎಂದಳು ಚಿಕ್ಕಿ, ಹೆಬಳೆಗೆ ಫೋನಿಲ್ಲದೆಯೂ ಕೇಳುವಷ್ಟು ಗಟ್ಟಿಯಾಗಿ.

ಅದು ಕೇಳಿದರೂ ಕೇಳದವಳಂತೆ ಆಯಿ ಹೇಳಿದಳು: "ಇಲ್ದಿದ್ರೆ ಆತು. ಸಿಕ್ಕಾಗ ಹೇಳು, ಕೆರೆ ಚೊಲೊ ಬಂದಿತ್ತು ಅಂತ."

ನಾನು ಗೇರು ಇಳಿಸಿದೆ. ಚಿಕ್ಕಿ ಕತ್ತು ತಿರುಗಿಸಲಿಲ್ಲ.

"ಮತ್ತೆ ಒಂದು ಕೇಳು ತಂಗಿ ಹತ್ರ," ಆಯಿಯ ದನಿ ಸಣ್ಣದಾಯಿತು. "ಇಷ್ಟು ವರ್ಷದಿಂದ ಕೆರೆ ಕಳಿಸ್ತು. ಒಂದರಲ್ಲಾದ್ರೂ ತಾನು ಬಂದಿತ್ತಾ? ನಾ ದಿನಾ ಬೆಳಿಗ್ಗೆ ಕನ್ನಡಕ ಹಾಕ್ಕಂಡು, ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡ್ತೆ. ಯಾವ್ದಾದ್ರೂ ಮೂಲೆಯಾಗೆ ನಿಂತಿರೂದೇನೋ ಅಂತ. ಬರೀ ನೀರು. ನಂಗೆ ನೀರು ಇಟ್ಕಂಡು ಎಂತ ಮಾಡೂಕಿತ್ತು? ತಂಗಿ ಮುಖ ಹೇಗಾಗಿತ್ತು ಅಂತ್ಲೂ ಗೊತ್ತಿಲ್ಲ ನಂಗೆ."

ಫೋನು ಇಟ್ಟಳು. ಬೆಳಗಿನಿಂದ ಕೂಡಿಟ್ಟುಕೊಂಡಿದ್ದ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಗಾಡಿ ನಿಲ್ಸು," ಎಂದಳು ಚಿಕ್ಕಿ.

ನಿಲ್ಲಿಸಿದೆ. ಇಳಿದು ರಸ್ತೆಯ ಬದಿಗೆ ಹೋಗಿ ನಿಂತಳು. ಕುತ್ತಿಗೆಯಿಂದ ಕ್ಯಾಮೆರಾ ತೆಗೆದು ನನ್ನ ಕೈಗೆ ಕೊಟ್ಟಳು. ಇಷ್ಟು ವರ್ಷದಲ್ಲಿ ನಾನು ಅದನ್ನು ಮುಟ್ಟಿದ್ದು ಅದೇ ಮೊದಲು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಮೂಗು ಕೆಂಪಾಗಿತ್ತು. ಕೂದಲು ಮಂಜಿಗೆ ನೆನೆದು ಹಣೆಗೆ ಅಂಟಿಕೊಂಡಿತ್ತು.

"ಮುಖ ಒರೆಸಿಕೋ ಚಿಕ್ಕಿ, ಕಾಯ್ತೆ," ಎಂದೆ.

"ಕಾಯೂದು ಬೇಡ. ಹೀಗೇ ತೆಗಿ," ಎಂದಳು. "ನೋಡೂದು ಅಕ್ಕ ಅಲ್ವಾ."