ಅತ್ತೆ ಸುಮ್ಮನಾದ ದಿನ

ನಮ್ಮ ಮನೆಯಲ್ಲಿ ಬುದ್ಧಿವಂತರು ಯಾರು ಎಂಬ ಬಹುಕಾಲದ ಪ್ರಶ್ನೆಗೆ ಒಂದು ಭಾನುವಾರ ನಾನು ಶಾಶ್ವತ ಪರಿಹಾರ ಕಂಡುಹಿಡಿದೆ. ನಾನೇ!

ಇದು ಬಾಯಿಮಾತಲ್ಲ, ಶಾಸ್ತ್ರೋಕ್ತ. ಹಿಂದಿನ ದಿನವಷ್ಟೇ ಆಫೀಸಿನಲ್ಲಿ ವ್ಯಕ್ತಿತ್ವದ ತರಬೇತಿ ನಡೆದಿತ್ತು. ಟೈ ಕಟ್ಟಿದ ತರಬೇತುದಾರ ಇಡೀ ಮನುಕುಲವನ್ನು ಒಂದೇ ಏಟಿಗೆ ಎರಡು ಹೋಳು ಮಾಡಿಬಿಟ್ಟ. ಒಳಮುಖಿಗಳು ಯೋಚಿಸಿ ಮಾತಾಡುವವರು, ಹೊರಮುಖಿಗಳು ಮಾತಾಡುತ್ತಾ ಯೋಚಿಸುವವರು. 'ಇದಕ್ಕೂ ಬುದ್ಧಿಗೂ ಏನೂ ಸಂಬಂಧವಿಲ್ಲ' ಎಂದು ಕೊನೆಯಲ್ಲಿ ಹೇಳಿದನಂತೆ. ಆಗ ನಾನು ಬಿಸ್ಕತ್ತಿನ ತಟ್ಟೆಯ ಬಳಿ ಇದ್ದೆ.

ಹಾಗಾಗಿ ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಗೆ ಕೊನೆಗೂ ವಿಜ್ಞಾನದ ಮುದ್ರೆ ಬಿತ್ತು ಎಂದುಕೊಂಡು ಮನೆಗೆ ಬಂದೆ. ನಾನು ಮಿತಭಾಷಿ. ಅಂದರೆ ತುಂಬಿದ ಕೊಡ. ಇನ್ನು ನಮ್ಮ ಅತ್ತೆ, ನನ್ನ ಹೆಂಡತಿಯ ತಾಯಿ! ಆಯುಷ್ಯವಿಡೀ ಟೆಲಿಫೋನ್ ಆಪರೇಟರ್ ಆಗಿದ್ದವರು. ನಿವೃತ್ತಿಯಾಗಿ ನಮ್ಮ ಮನೆಗೆ ಬಂದದ್ದು ದೇಹ ಮಾತ್ರ, ನಾಲಿಗೆ ಇನ್ನೂ ಡ್ಯೂಟಿಯಲ್ಲೇ ಇತ್ತು. ತರಕಾರಿಯ ಜತೆ, ಇಸ್ತ್ರಿಪೆಟ್ಟಿಗೆಯ ಜತೆ, ಕಿಟಕಿಯಾಚೆಯ ಬೆಕ್ಕಿನ ಜತೆ, ಯಾರೂ ಸಿಗದಿದ್ದರೆ ನನ್ನ ಜತೆ ಮಾತು.

"ಅತ್ತೆ, ಒಂದು ದಿನ ಸುಮ್ಮನಿದ್ದು ನೋಡಿ. ಬುದ್ಧಿ ಹೇಗೆ ಆಳಕ್ಕಿಳಿಯುತ್ತೆ ಅಂತ ಗೊತ್ತಾಗುತ್ತೆ," ಎಂದು ಭಾನುವಾರ ಊಟದ ಹೊತ್ತಿಗೆ ಉಪದೇಶ ಮಾಡಿದೆ.

"ನೀನು ಸುಮ್ಮನಿರೋದು ಯೋಚನೆ ಮಾಡೋಕಲ್ಲಪ್ಪ, ನಿಂಗೆ ಹೇಳೋಕೆ ಏನೂ ಇರಲ್ಲ ಅಂತ," ಎಂದರು ಅತ್ತೆ.

ಹೆಂಡತಿ ನೀರು ನೆತ್ತಿಗೇರಿಸಿಕೊಂಡು ನಕ್ಕಳು. ಈ ಮನೆಯನ್ನು ತಿದ್ದಿಯೇ ತೀರುತ್ತೇನೆ ಎಂದು ನಾನು ಪಣ ತೊಟ್ಟೆ.

ಮರುದಿನ ನನಗೆ ರಜೆ. ಹೆಂಡತಿ ಗಣಿತದ ಟೀಚರ್, ಬೇಗನೆ ಶಾಲೆಗೆ ಹೋದಳು. ಅತ್ತೆ ತಡವಾಗಿ ಎದ್ದು ಬಂದರು. ಸ್ವೆಟರಿನ ಒಂದೇ ತೋಳು ಹಾಕಿಕೊಂಡು, ಗೋಡೆ ಹಿಡಿದು ನಡೆದು, ಕುರ್ಚಿಯಲ್ಲಿ ಕೂತರು. ಮಾತಿಲ್ಲ.

"ಕಾಫಿ ಕೊಡಲಾ?"

ನನ್ನನ್ನೇ ನೋಡಿದರು. ಮಾತಿಲ್ಲ!

ಆಹಾ! ಒಂದೇ ಉಪದೇಶಕ್ಕೆ ಇಷ್ಟು ಫಲವೇ? ಕಾಫಿ ಕೊಟ್ಟೆ. ಬಾಯಿಯ ಒಂದು ಮೂಲೆಯಿಂದ ಅದು ಗಲ್ಲಕ್ಕೆ ಇಳಿಯಿತು. ಚಿಂತನೆಯಲ್ಲಿ ಮುಳುಗಿದವರಿಗೆ ಇಂಥದ್ದೆಲ್ಲ ಎಲ್ಲಿ ಗಮನಕ್ಕೆ ಬರುತ್ತದೆ ಎಂದು ಕರವಸ್ತ್ರದಿಂದ ಒರೆಸಿದೆ. ಪಕ್ಕದಲ್ಲೇ ಫೋನ್ ಬಡಿದುಕೊಂಡಿತು. ಒಂದು ರಿಂಗ್ ಮುಗಿಯುವುದರೊಳಗೆ ಹಾರಿ ಹಿಡಿಯುತ್ತಿದ್ದವರು ಅದನ್ನು ನೋಡುತ್ತಾ ಕೂತರು. ಎಂಥ ನಿರ್ಲಿಪ್ತತೆ! ಎದುರು ಕುರ್ಚಿ ಎಳೆದುಕೊಂಡು ಒಳಮುಖಿಗಳ ಶ್ರೇಷ್ಠತೆಯ ಬಗ್ಗೆ ದೀರ್ಘ ಭಾಷಣ ಬಿಗಿದೆ. ಅಡ್ಡ ಮಾತಿಲ್ಲ, ಕೊಂಕಿಲ್ಲ. ನಡುವೆ ಒಮ್ಮೆ ನನ್ನ ಅಂಗಿಯ ತೋಳನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದು ಜಗ್ಗಿದರು. ಮೆಚ್ಚುಗೆ ಎಂದುಕೊಂಡೆ.

ಸಂತೋಷ ತಡೆಯಲಾರದೆ ಹೆಂಡತಿಗೆ ಮೆಸೇಜು ಹಾಕಿದೆ: 'ಶುಭ ಸಮಾಚಾರ! ಅಮ್ಮ ಬೆಳಗಿನಿಂದ ಒಂದು ಮಾತೂ ಆಡಿಲ್ಲ!'

ಪಾಠದ ನಡುವೆ ಎಂದೂ ಫೋನ್ ಮಾಡದವಳು ತಕ್ಷಣ ಮಾಡಿದಳು.

"ಆಡಿಲ್ಲ ಅಂದ್ರೆ?"

"ಮೌನ! ಗಂಭೀರವಾಗಿ ಕೂತಿದಾರೆ."

"ಅಮ್ಮಂಗೆ ಫೋನ್ ಕೊಡಿ."

"ಕೊಟ್ಟರೂ ಮಾತಾಡಲ್ಲ. ಅಷ್ಟು ಏಕಾಗ್ರತೆ."

"ನಗೋಕೆ ಹೇಳಿ ಅವಳಿಗೆ."

"ಅತ್ತೆ, ನಗಬೇಕಂತೆ... ಹಾಂ, ನಕ್ಕರು. ಅರ್ಧ."

"ಅರ್ಧ ಅಂದ್ರೇನ್ರೀ?"

"ಎಡಗಡೆ."

ಹೆಂಡತಿ ಕಿರುಚಿದ ಕಿರುಚಾಟ ಅವಳ ತರಗತಿಯ ಮಕ್ಕಳಿಗೆ ಇವತ್ತಿಗೂ ನೆನಪಿರಬೇಕು. "ಆಂಬುಲೆನ್ಸ್ ಕರೀರಿ! ಈಗಲೇ!"

ಆಗ ಅತ್ತೆಯ ಮುಖ ನೋಡಿದೆ. ಬೆಳಗಿನಿಂದ ನೋಡುತ್ತಲೇ ಇದ್ದೆ, ಆಗ ಕಂಡಿತು. ಬಲಗೆನ್ನೆ ಜೋತುಬಿದ್ದಿತ್ತು, ಬಲಗೈ ತೊಡೆಯ ಮೇಲೆ ಯಾರೋ ಇಟ್ಟುಹೋದ ಸಾಮಾನಿನಂತೆ ಬಿದ್ದಿತ್ತು. ಕಣ್ಣುಗಳು ಮಾತ್ರ ನನ್ನನ್ನು ಬಿಟ್ಟು ಅಲುಗುತ್ತಿರಲಿಲ್ಲ. ಅವು ಅಷ್ಟು ಹೊತ್ತಿನಿಂದ ಕೂಗುತ್ತಿದ್ದವು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು, "ಮಾತು ಯಾವಾಗ ನಿಂತಿದ್ದು?"

"ಬೆಳಿಗ್ಗೆ ಎದ್ದಾಗಲೇ ಇರಲಿಲ್ಲ."

"ಮತ್ತೆ ಇಷ್ಟು ಹೊತ್ತು ಏನ್ ಮಾಡ್ತಿದ್ರಿ?"

"ಅಭಿನಂದಿಸ್ತಿದ್ದೆ," ಎಂದೆ.

ಅವರು ಪೆನ್ನು ಕೆಳಗಿಟ್ಟರು. "ಮಿದುಳಿನ ಒಂದು ಭಾಗಕ್ಕೆ ರಕ್ತ ಹೋಗೋದು ನಿಂತಿದೆ. ಎದ್ದ ತಕ್ಷಣ ಕರ್ಕೊಂಡು ಬಂದಿದ್ರೆ..." ಎಂದು ಮುಂದಿನದನ್ನು ನುಂಗಿಕೊಂಡರು. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಇಷ್ಟಾದ ಮೇಲಾದರೂ ಬುದ್ಧಿ ಬಂತೇ? ವಾರ್ಡಿಗೆ ನೋಡಲು ಬಂದ ಪಕ್ಕದ ಮನೆಯವರು, "ಪಾಪ, ಗುರುತು ಸಿಗುತ್ತಾ?" ಎಂದರು. ಅತ್ತೆಯ ಮಂಚದ ಪಕ್ಕದಲ್ಲೇ ನಿಂತು ನಾನು, "ಇನ್ನೇನು ತಿಳಿಯುತ್ತೆ ಬಿಡಿ, ಎಲ್ಲಾ ಖಾಲಿ," ಎಂದೆ. ಮಾತಾಡುವಾಗ ದಡ್ಡಿ, ಸುಮ್ಮನಾದಾಗ ಜ್ಞಾನಿ, ಕಾಯಿಲೆ ಎಂದ ಕೂಡಲೇ ಮತ್ತೆ ಖಾಲಿ ಕೊಡ! ತಿರುಗಿ ನೋಡಿದರೆ ಅತ್ತೆಯ ಕಣ್ಣಿನಿಂದ ನೀರು ದಿಂಬಿಗೆ ಇಳಿಯುತ್ತಿತ್ತು. ಹೆಂಡತಿ ನನ್ನನ್ನು ಕಾರಿಡಾರಿಗೆ ಕರೆದೊಯ್ದು, "ಅವಳಿಗೆ ಎಲ್ಲಾ ಅರ್ಥ ಆಗ್ತಿದೆ. ಆಗದೇ ಇರೋದು ನಿಮಗೆ," ಎಂದಳು.

ಮನೆಗೆ ಬಂದ ಮೇಲೆ ಮಾತು ಕಲಿಸಲು ಒಬ್ಬ ಹುಡುಗಿ ಬರತೊಡಗಿದಳು. ಅವಳ ಪ್ರಯತ್ನದಿಂದ ಅತ್ತೆಗೆ ಒಂದೇ ಒಂದು ಮಾತು ಮರಳಿತು: "ಹೌದು." ಕುರ್ಚಿಯ ಚಿತ್ರ ತೋರಿಸಿ, "ಇದು ಆನೆನಾ?" ಎಂದರೂ "ಹೌದು." ಹೇಳಿದ ಮರುಕ್ಷಣ ಅತ್ತೆ ಸಿಟ್ಟಿನಿಂದ ಎಡಗೈಯಲ್ಲಿ ಮಂಚ ಗುದ್ದಿದರು.

"ಆನೆ ಅಲ್ಲ ಅಂತ ಅವರಿಗೆ ಚೆನ್ನಾಗಿ ಗೊತ್ತು," ಎಂದಳು ಹುಡುಗಿ. "ಬಾಯಿಗೆ ಸಿಗ್ತಿರೋದು ಅದೊಂದೇ ಮಾತು. 'ಅಲ್ಲ' ಅನ್ನೋದು ಹೊರಗೆ ಬರಬೇಕು."

ನಾನು ಹತ್ತಿರ ಹೋಗಿ ಕೂತೆ. ಆ ದಿನದಿಂದ ಆಡದೆ ಉಳಿದಿದ್ದ ಮಾತು ಆಗ ಆಡಿದೆ.

"ಅತ್ತೆ, ನನ್ನನ್ನ ಕ್ಷಮಿಸ್ತೀರಾ?"

"ಹೌದು."

ನನಗೆ ಅಳುವೇ ಬಂತು. ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು, "ಕುರ್ಚೀನ ಆನೆ ಅಂತಾನೂ ಒಪ್ಪಿಕೊಂಡಿದಾಳೆ. ತುಂಬಾ ಹಿಗ್ಗಬೇಡಿ."

ಕ್ಷಮೆಯೋ ಅಲ್ಲವೋ ತಿಳಿಯುವ ಬಗೆಯೇ ಇಲ್ಲವಲ್ಲ ಎಂಬ ಸಂಕಟಕ್ಕೆ, "ಹೋಗ್ಲಿ ಅತ್ತೆ, ಇದು ಹೇಳಿ. ನಾನು ಬುದ್ಧಿವಂತನಾ?" ಎಂದುಬಿಟ್ಟೆ.

ಅತ್ತೆ ಬಾಯಿ ತೆರೆದರು. 'ಹೌ' ಎಂಬುದು ಬಂತು, ಅದನ್ನು ಹಿಡಿದು ನಿಲ್ಲಿಸಿದರು. ಮುಖ ಕೆಂಪಾಯಿತು, ಕುತ್ತಿಗೆಯ ನರ ಉಬ್ಬಿತು, ಎಡಗೈ ಹೊದಿಕೆಯನ್ನು ಹಿಂಡಿತು. ಎಲ್ಲಿಂದಲೋ ಭಾರ ಎಳೆದು ತಂದವರಂತೆ, ಕೊನೆಗೆ:

"ಅ... ಅಲ್ಲ!"

ಮಾತು ಕಲಿಸುವ ಹುಡುಗಿ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ಹೆಂಡತಿ ಓಡಿಬಂದು ಅಮ್ಮನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತುಬಿಟ್ಟೆ. ಯಾವ ಕಾರಣಕ್ಕೆ ಎಂದು ನಿಖರವಾಗಿ ಹೇಳಲಾರೆ.

"ಇನ್ನೊಂದು ಸಲ ಕೇಳಿ ಸರ್! ದಿನಾ ಕೇಳಿ! ಊಟಕ್ಕೆ ಮುಂಚೆ, ಊಟ ಆದ ಮೇಲೆ, ಬಂದವರ ಎದುರಿಗೂ ಕೇಳಿ!" ಎಂದಳು ಹುಡುಗಿ.

ಈಗ ನಮ್ಮ ಮನೆಯಲ್ಲಿ ಅದೇ ಚಿಕಿತ್ಸೆ. ನಾನು ಕೇಳುತ್ತೇನೆ, ಅತ್ತೆ ಉತ್ತರಿಸುತ್ತಾರೆ. ನಿನ್ನೆ ಅವರು ಮೊದಲ ಬಾರಿಗೆ ಪೂರ್ತಿ ವಾಕ್ಯ ಆಡಿದರು: "ಅಲ್ಲ. ಅಲ್ಲವೇ ಅಲ್ಲ."

ಸುಧಾರಣೆ ಬಹಳ ಚೆನ್ನಾಗಿದೆ ಎಂದು ಡಾಕ್ಟರಮ್ಮನೂ ಹೇಳಿದ್ದಾರೆ.