ಗುಣಪಾಲನ ಇನ್ನೂರ ಹನ್ನೆರಡು ಓದುಗರು

ಭಾನುವಾರ ಬೆಳಿಗ್ಗೆ ಹಾಲು ತರಲು ಬಾಗಿಲು ತೆರೆದ ಗುಣಪಾಲನಿಗೆ ಮೊದಲು ಕಂಡದ್ದು ಕಟ್ಟಡದ ಸೊಸೈಟಿಯ ನೋಟಿಸು. ‘ದುಡಿವವರ ದನಿ’ ಎಂಬ ತಮ್ಮ ಬ್ಲಾಗನ್ನು ನಿಲ್ಲಿಸಿ ಲಿಖಿತ ಕ್ಷಮೆ ಕೇಳತಕ್ಕದ್ದು. ಹತ್ತು ಗಂಟೆಗೆ ಸಭೆ.

ಬೇಲಾಪುರದ ಆಫೀಸಿನಲ್ಲಿ ತಲೆ ತಗ್ಗಿಸಿ ಫೈಲು ಸರಿಸುವ ಗುಣಪಾಲ, ಡೊಂಬಿವಲಿಯ ಈ ನೆಲಮಹಡಿಯ ಮನೆಗೆ ಬಂದೊಡನೆ ಹುಲಿ. ಐದು ವರ್ಷದಿಂದ ಕನ್ನಡದಲ್ಲಿ ಬಂಡವಾಳಶಾಹಿಯನ್ನು ಜಾಲಾಡುತ್ತಿದ್ದ. ಓದುಗರು ಇಬ್ಬರು: ಅವನು, ಮತ್ತು ಅವನ ಕಾಟಕ್ಕೆ ಹೆಂಡತಿ ಜಯಲತಾ.

ಮೂರು ತಿಂಗಳ ಹಿಂದೆ ಅವನು ಸೊಸೈಟಿಯ ನೀರಿಗೇ ಕೈಹಾಕಿದ. ಸೆಕ್ರೆಟರಿ ಮೋಹನದಾಸ ನೀರು ಬಿಡುವ ಹೊತ್ತನ್ನು ದಿನಾ ಬದಲಿಸಿ, ಹಿಂದಿನ ಸಂಜೆ ಬೀಗ ಹಾಕಿದ ಹಿತ್ತಿಲಿನ ಪಂಪಿನ ಕೋಣೆಯ ಬಾಗಿಲಲ್ಲಿ, ಪಂಪಿನವನಿಗೆಂದು, ಸೀಮೆಸುಣ್ಣದಿಂದ ಬರೆಸುತ್ತಿದ್ದ. ಅದು ಕಾಣುವುದು ಗುಣಪಾಲನ ಅಡುಗೆಮನೆಯ ಕಿಟಕಿಗೆ ಮಾತ್ರ. ಹೊತ್ತು ತಪ್ಪಿದವರಿಗೆ ಟ್ಯಾಂಕರೇ ಗತಿ. ಟ್ಯಾಂಕರು ಮೋಹನದಾಸನ ಭಾವನದ್ದು. ಸಾಕ್ಷ್ಯವಿಲ್ಲದೆ ಬರೆಯಬಾರದೆಂದು ಗುಣಪಾಲ ದಿನವೂ ಲೇಖನದ ಮೊದಲ ಸಾಲಿನಲ್ಲಿ ಆ ಹೊತ್ತನ್ನು ಹಾಕಿ, ಕೆಳಗೆ ಗುಡುಗುತ್ತಿದ್ದ. ಓದುಗರು ನಲವತ್ತಾದರು, ತೊಂಬತ್ತಾದರು, ನಿನ್ನೆ ಇನ್ನೂರ ಹನ್ನೆರಡು!

ಒಬ್ಬೊಬ್ಬರು ಓದಿದ ಸಮಯ ಸರಾಸರಿ ಒಂಬತ್ತು ಸೆಕೆಂಡು ಎಂದೂ ಬ್ಲಾಗಿನ ಲೆಕ್ಕ ತೋರಿಸುತ್ತಿತ್ತು. ‘ದುಡಿಯುವವರಿಗೆ ಪುರುಸೊತ್ತೆಲ್ಲಿ? ಗಬಗಬನೆ ಓದುತ್ತಾರೆ’ ಎಂದುಕೊಂಡ.

“ಒಂದು ಕ್ಷಮೆ ಕೇಳಿ ಮುಗಿಸಿ ಮಾರಾಯ್ರೆ,” ಎಂದಳು ಜಯಲತಾ.

“ಕ್ಷಮೆಯಾ? ನಾನಾ? ಜನ ನನ್ನ ಹಿಂದೆ ಉಂಟು!”

ಸಭೆಯಲ್ಲಿ ಮೋಹನದಾಸ ಕಾಗದ ಚಾಚಿದ. “ಸೈನ್ ಹಾಕಿ ಗುಣಪಾಲರೇ. ನನ್ನನ್ನು ರಕ್ತ ಹೀರುವ ತಿಗಣೆ ಅಂತ ಬರ್ದಿದ್ದೀರಿ.”

“ಹಾಕುದಿಲ್ಲ! ನನ್ನ ಓದುಗರನ್ನು ಕೇಳಿ!”

ಮೂರನೇ ಮಹಡಿಯ ಧಾರವಾಡದ ಸುಲೋಚನಾ ಎದ್ದೇಬಿಟ್ಟಳು. “ಬ್ಲಾಗ್ ಬಂದ್ ಮಾಡಂಗಿಲ್ರಿ!” ಹಿಂದೆಯೇ ಇಡೀ ಸಭೆ ಎದ್ದಿತು. ಎರಡನೇ ಮಹಡಿಯ ಪಾಟೀಲ್ ಕಾಕೂ ಕೂಡ ಕೈ ಎತ್ತಿ, “ಬಂದ್ ನಾಹೀ!” ಎಂದು ಕೂಗಿದರು. ಗುಣಪಾಲನ ಕಣ್ಣು ತುಂಬಿ ಬಂತು. ಆಮೇಲೆ ಹೊಳೆಯಿತು: ಮರಾಠಿಯ ಕಾಕೂಗೆ ಕನ್ನಡ ಬರುವುದಿಲ್ಲ.

“ಕಾಕೂ ಹೇಗೆ ಓದ್ತಾರೆ?”

“ಅಂಕಿ ಓದಾಕ ಕನ್ನಡ ಯಾಕ ಬೇಕ್ರಿ?” ಎಂದಳು ಸುಲೋಚನಾ. “ಮ್ಯಾಲಿನ ಟೈಮ್ ಅಷ್ಟ ನೋಡತಾರ. ನಾವೂ ಅಷ್ಟ. ಅದರ ಕೆಳಗ ನೀವೇನೋ ಬರೀತೀರಲ್ಲ, ಅದನ್ನ ತಗದಬಿಡ್ರಿ, ಪುಟ ಲಗೂನ ತೆರಕೋತದ.”

ಟ್ಯಾಂಕರಿನ ಲಾಭ ಹೋದರೂ ಮಾನ ಉಳಿಯಿತೆಂದು ಮೋಹನದಾಸ ನಗುತ್ತ ಕಾಗದ ಹರಿದ. “ಬರೀರಿ ಗುಣಪಾಲರೇ, ಧಾರಾಳ ಬರೀರಿ. ನನಗೆ ಬೈದದ್ದನ್ನು ಯಾರೂ ಓದೇ ಇಲ್ಲವಲ್ಲ!”

ಕ್ಷಮೆ ಕೇಳಿದ್ದರೂ ಇಷ್ಟು ಅವಮಾನವಾಗುತ್ತಿರಲಿಲ್ಲ. ಗುಣಪಾಲ ಕುರ್ಚಿ ಹತ್ತಿ ನಿಂತ. “ಇವತ್ತಿನಿಂದ ಟೈಮು ಕೊನೇ ಸಾಲಿನಲ್ಲಿ! ಮೊದಲು ಬಂಡವಾಳಶಾಹಿ, ಆಮೇಲೆ ಸ್ನಾನ!”

ಸಂಜೆ ಅಂತಹದೇ ಒಂದು ಲೇಖನ ಹಾಕಿ ಮೊಬೈಲು ಹಿಡಿದು ಕಾದು ಕುಳಿತ. ರಾತ್ರಿಯೂಟದ ಹೊತ್ತಿಗೆ ಓದುಗರು: ಒಂದು. ಓದಿದ ಸಮಯ: ನಲವತ್ತು ನಿಮಿಷ.

“ಜಯಾ! ಒಬ್ಬ ಪೂರ್ತಿ ಓದಿದ್ದಾನೆ! ಎರಡೆರಡು ಸಲ ಓದಿರಬೇಕು!”

“ಉಳಿದವರಿಗೆ ನಾನು ಕಿಟಕಿಯಿಂದ ಆ ಬಾಗಿಲಿನ ಫೋಟೋ ತೆಗ್ದು ವಾಟ್ಸ್ಯಾಪ್ ಗ್ರೂಪಿಗೆ ಹಾಕಿದೆ,” ಎಂದಳು ಜಯಲತಾ ಅನ್ನ ಬಡಿಸುತ್ತ. “ನೀವು ಆಗಿಂದ ಅದೇ ಪುಟ ತೆರ್ದು ಕೂತಿದ್ದೀರಲ್ಲ, ಊಟಕ್ಕೆ ಏಳಿ.”

ಗುಣಪಾಲ ಮೊಬೈಲಿನಲ್ಲಿ ತೆರೆದೇ ಇದ್ದ ಪುಟವನ್ನು ಒಮ್ಮೆ ನೋಡಿದ. ಆಮೇಲೆ ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಆ ಒಬ್ಬ ಓದುಗನಿಗಾಗಿ ನಾಳೆಯ ಲೇಖನ ಬರೆಯತೊಡಗಿದ.