ಸೊಟ್ಟ ಕತ್ತಿನ ಫ್ಲಾಸ್ಕು

ಕಣ್ಣಿಗೆ ಕಾಣದ ತಾಯಿಯನ್ನು ನಂಬಿ ದಿನಾ ದೀಪ ಹಚ್ಚುವ ನನಗೆ, ಕಣ್ಣಿಗೆ ಕಾಣದ ಜೀವಿಗಳ ಪಾಠ ಹೇಳುವ ಕೆಲಸವನ್ನೇ ಅವಳು ಕೊಟ್ಟಳು. ಸಿದ್ಧಾರ್ಥನಗರದ ನಮ್ಮ ಕಾಲೇಜಿನ ಲ್ಯಾಬಿನ ಕಿಟಕಿಯಾಚೆ ಆ ತಾಯಿಯ ಬೆಟ್ಟ ಮಂಜಿನಲ್ಲಿ ತೇಲುತ್ತಿರುತ್ತದೆ. ಒಳಗೆ ಏನಾದರೊಂದು ನಗೆಪಾಟಲು ನಡೆಯುತ್ತಲೇ ಇರುತ್ತದೆ. ಹೆಚ್ಚಿನವಕ್ಕೆ ನಮ್ಮ ಅಟೆಂಡರೇ ಕಾರಣ. ಅವರ ಭಕ್ತಿ ನನ್ನದಕ್ಕಿಂತ ಒಂದು ಕೈ ಮೇಲು.

೧. ಬಾಯೊಳಗಿನ ಸಂಸಾರ

ಹಿಂದೆ ಡಚ್ ಬಟ್ಟೆ ವ್ಯಾಪಾರಿಯೊಬ್ಬರು ತಾವೇ ಉಜ್ಜಿದ ಮಸೂರದಲ್ಲಿ ಹಲ್ಲಿನ ಕೊಳೆ ನೋಡಿ, ಅದರಲ್ಲಿ ಪುಟ್ಟ ಪ್ರಾಣಿಗಳು ಈಜುವುದನ್ನು ಕಂಡರಂತೆ. ಇದನ್ನು ಕೇಳಿ ಅಟೆಂಡರ್ ತಮ್ಮ ಹಲ್ಲನ್ನೂ ಕೆರೆದು ಕೊಟ್ಟರು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಗರ್ಭಗುಡಿಯ ಮುಂದೆ ನಿಂತ ಹಾಗೆ ಬಹಳ ಹೊತ್ತು ನಿಂತರು. ಮಧ್ಯಾಹ್ನ ಎಲೆಯಡಿಕೆ ಮಡಿಸುತ್ತ ಹೇಳಿದರು: "ಸುಣ್ಣ ಕಮ್ಮಿ ಮಾಡ್ಬುಟ್ಟೆ ಮೇಡಂ. ಪಾಪ, ಉರಿಯಲ್ವಾ ಅವಕ್ಕೆ?"

೨. ಕೆಡದ ಬೇಳೆಕಟ್ಟು

ಸಾರು ಹಳಸಿದರೆ ಜೀವ ತಾನಾಗಿಯೇ ಹುಟ್ಟುತ್ತದೆಂದು ಹಿಂದಿನವರು ನಂಬಿದ್ದರು. ಅದು ಸುಳ್ಳೆಂದು ಫ್ರಾನ್ಸಿನ ವಿಜ್ಞಾನಿಯೊಬ್ಬರು ಸೊಟ್ಟ ಕತ್ತಿನ ಫ್ಲಾಸ್ಕಿನಲ್ಲಿ ತೋರಿಸಿದರು. ಗಾಳಿ ಒಳಗೆ ಹೋಗುತ್ತದೆ, ಧೂಳು ಕತ್ತಿನಲ್ಲೇ ಉಳಿಯುತ್ತದೆ, ಕುದಿಸಿದ ಸಾರು ಕೆಡುವುದಿಲ್ಲ. ನಾನೂ ಅಂಥದ್ದೇ ಫ್ಲಾಸ್ಕಿನಲ್ಲಿ ತೊಗರಿ ಬೇಳೆಕಟ್ಟು ಕುದಿಸಿ ಕಿಟಕಿಯಲ್ಲಿಟ್ಟೆ. ಮೂರು ವರ್ಷ ತಿಳಿಯಾಗಿಯೇ ಇತ್ತು. ಬೆಳಗಿನ ಬಿಸಿಲು ಅದರೊಳಗೆ ಇಳಿದಾಗ ನನ್ನ ಕೈ ತಾನಾಗಿ ಮುಗಿಯುತ್ತಿತ್ತು. ಅಟೆಂಡರಿಗೆ ಮಾತ್ರ ಸಮಾಧಾನವಿಲ್ಲ. "ಕೆಡ್ಲೇ ಇಲ್ಲ ಅಂದ್ರೆ ನಮ್ಮನೆಯವಳು ಮಾಡೋ ಸಾರಲ್ಲ ಬುಡಿ," ಎಂದರು.

೩. ತಾನಾಗಿ ಹುಟ್ಟದ ಜೀವ

ಎಂ.ಎಸ್ಸಿ. ತರಗತಿಗೆ ಅನುಮತಿ ಕೊಡಬೇಕಾದ ಸಮಿತಿ ಆಯುಧಪೂಜೆಯಾದ ಮೂರನೇ ದಿನ ಬಂತು. ಅವರಿಗೆ ತೋರಿಸಲು ನನ್ನ ಬಳಿ ಇದ್ದದ್ದು ಆ ಫ್ಲಾಸ್ಕೊಂದೇ. ಪೂಜೆಯ ದಿನ ಅಟೆಂಡರ್ ಅದರ ಹಣೆಗೆ ಕುಂಕುಮ ಹಚ್ಚಿ, ಕತ್ತಿಗೆ ಸೇವಂತಿಗೆ ಸುತ್ತಿದ್ದರು. ನಾನು ಸಮಿತಿಯವರ ಕಡೆಗೇ ತಿರುಗಿಕೊಂಡು ಹೇಳಿದೆ: "ಮೂರು ವರ್ಷದಿಂದ ಇದರಲ್ಲಿ ಒಂದು ಜೀವವೂ ಹುಟ್ಟಿಲ್ಲ."

ಹಿರಿಯ ಸದಸ್ಯರು ಕನ್ನಡಕ ಏರಿಸಿದರು. "ಗುಳ್ಳೆ ಬರ್ತಿದೆಯಲ್ಲಮ್ಮಾ?"

ನೋಡಿದೆ. ಒಳಗೆಲ್ಲ ಮೋಡ. ತಿರುಗಿ ಅಟೆಂಡರ ಮುಖ ನೋಡಿದೆ.

"ಮೂರು ವರ್ಷದ ತಂಗಳು ಸಾರ್ನ ಪೂಜೇಲಿ ಎಂಗ್ ಇಡೋದು ಮೇಡಂ? ಚೆಲ್ಬುಟ್ಟು, ತೊಳ್ದು, ಪೂಜೆ ಕಾಯಿನೀರು ತುಂಬಿಸ್ದೆ. ಆ ಸೊಟ್ಟ ಕತ್ತಲ್ಲಿ, ಸಿರಿಂಜು ಹಿಡ್ಕೊಂಡು, ಅರ್ಧ ದಿನ."

ಹೊಸ ತರಗತಿ ಹೋಯಿತೆಂದು ಮನಸ್ಸಿನಲ್ಲೇ ತಾಯಿಯನ್ನು ನೆನೆದೆ. ಹಿರಿಯರು ಫ್ಲಾಸ್ಕನ್ನೂ ಅಟೆಂಡರನ್ನೂ ನೋಡಿದರು.

"ಸಿದ್ಧಾಂತ ಸರಿಯಾಗೇ ಇದೆ," ಎಂದರು. "ಜೀವ ತಾನಾಗಿ ಹುಟ್ಟಿಲ್ಲ. ಹುಟ್ಟಿಸಿದವರು ಇಲ್ಲೇ ನಿಂತಿದ್ದಾರೆ."

ನಗುತ್ತಲೇ ಸಹಿ ಹಾಕಿದರು. ಅಟೆಂಡರ್ ನಾಚಿ, ಬೆಟ್ಟದ ಕಡೆ ಕೈಮುಗಿದರು.

"ನಂದೇನಿಲ್ಲ ಸಾರ್. ನಾನು ಬರೀ ಕಾಯಿ ಒಡ್ದೋನು."